ಬೆಳಕು ಬಿಟ್ಟು ಮೆಣಸಿನ ಪಸೆ, ಅಮ್ಮನ ಶುಗರ್ ಎರಡನ್ನೂ ನೋಡಬಹುದಾ?

ಪ್ರಶ್ನೆ: ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ. ಅಡಿಕೆ, ತೆಂಗು, ಸ್ವಲ್ಪ ಒಳ್ಳೆಮೆಣಸು, ಹಟ್ಟಿಯಲ್ಲಿ ಎರಡು ದನ. ಕಳೆದ ವಾರ ಒಬ್ಬರು ಮನೆಗೆ ಬಂದು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದೊಂದು ಯಂತ್ರ ತೋರಿಸಿದರು. ಮೊಬೈಲಿಗೆ ಜೋಡಿಸಿ ಮೆಣಸಿನ ಮೇಲಿಟ್ಟರೆ ಪಸೆ ಎಷ್ಟು ಅಂತ ಬರುತ್ತದಂತೆ. ಹಾಲಿಗೆ ಹಿಡಿದರೆ ಫ್ಯಾಟ್, ತರಕಾರಿಗೆ ಹಿಡಿದರೆ ಸಿಂಪಡಿಸಿದ ಕೀಟದ ಮದ್ದಿನ ಅಂಶ, ಬೆರಳಿಟ್ಟರೆ ಸೂಜಿ ಚುಚ್ಚದೆ ಶುಗರ್. ಎಲ್ಲಾ ಒಂದೇ ಇನ್ಫ್ರಾರೆಡ್ ಬೆಳಕಿನ ಕೆಲಸವಂತೆ. ಅಮ್ಮ ಇನ್ಸುಲಿನ್ ತಗೊಳ್ತಾರೆ, ದಿನಾ ಚುಚ್ಚಿ ಚುಚ್ಚಿ ಬೆರಳು ನೋವು ಅಂತಾರೆ. 18 ಸಾವಿರ ಹೇಳುತ್ತಿದ್ದಾರೆ. ತಗೊಳ್ಳಬಹುದಾ?

ಉತ್ತರ: ಕೊಡಬೇಡಿ. ಅಮ್ಮನ ಶುಗರ್ ನೋಡಲಿಕ್ಕೆ ಅಂತಂತೂ ಖಂಡಿತ ಬೇಡ. ಇನ್ಸುಲಿನ್ ತಗೊಳ್ಳುವವರ ವಿಷಯದಲ್ಲಿ ಇದು ತಮಾಷೆಯಲ್ಲ.

ಹಾಗಂತ ಬಂದವರು ಹೇಳಿದ್ದೆಲ್ಲ ಸುಳ್ಳು ಅಂತಲೂ ಹೇಳಲಾರೆ. ಇದೇ ಬೆಳಕಿನ ಯಂತ್ರಗಳ ಜೊತೆ ಆಹಾರದ ಲ್ಯಾಬಿನಲ್ಲಿ ಇಪ್ಪತ್ತೆರಡು ವರ್ಷ ಕಳೆದವನು ನಾನು, ಮೂಲ ನಿಮ್ಮದೇ ಕಡೆ, ಪೆರ್ಲ. ನನ್ನ ಲೆಕ್ಕದಲ್ಲಿ ಪಸೆಯ ಮಾತು ನಿಜ ಇರಬಹುದು, ಹಾಲಿನದ್ದು ಅರ್ಧ ನಿಜ, ಮದ್ದಿನದ್ದು ಸುಳ್ಳು, ಶುಗರಿನದ್ದು ಅಪಾಯ. ಒಂದೇ ಬೆಳಕು ಒಂದು ಕಡೆ ಕೆಲಸ ಮಾಡಿ ಇನ್ನೊಂದು ಕಡೆ ಯಾಕೆ ಸೋಲುತ್ತದೆ ಅಂತ ಗೊತ್ತಾದರೆ, ಮುಂದೆ ಇನ್ನೊಬ್ಬರು ಬ್ಯಾಗ್ ಹಿಡಿದು ಅಂಗಳಕ್ಕೆ ಬಂದಾಗ ನನ್ನನ್ನು ಕೇಳುವ ಅಗತ್ಯವೇ ಇರುವುದಿಲ್ಲ. ಸ್ವಲ್ಪ ಉದ್ದ ಆಗುತ್ತದೆ, ಓದಿ.

ಕರೆಂಟ್ ಹೋದ ರಾತ್ರಿ ಟಾರ್ಚಿನ ಬಾಯಿಗೆ ಅಂಗೈ ಮುಚ್ಚಿ ಆಡಿದ್ದು ನೆನಪಿದೆಯಾ? ಬೆರಳೆಲ್ಲ ಕೆಂಡದ ಹಾಗೆ ಕೆಂಪಾಗಿ ಹೊಳೆಯುತ್ತದೆ. ಟಾರ್ಚಿನ ಬೆಳಕಲ್ಲಿ ನೀಲಿ, ಹಸಿರು ಎಲ್ಲಾ ಇತ್ತು. ಅವನ್ನು ರಕ್ತ ನುಂಗಿತು, ಕೆಂಪು ಮಾತ್ರ ದಾಟಿ ಬಂತು. ಆ ಕೆಂಪಿನ ಆಚೆ ಕಣ್ಣಿಗೆ ಕಾಣದ ಬೆಳಕಿದೆ, ಅದು ಮಾಂಸ ಚರ್ಮಗಳನ್ನು ಇನ್ನೂ ಸಲೀಸಾಗಿ ದಾಟುತ್ತದೆ. ಅದೇ ನಿಯರ್ ಇನ್ಫ್ರಾರೆಡ್. ಲ್ಯಾಬಿನಲ್ಲಿ ನಾವು ಎನ್‌ಐಆರ್ ಅನ್ನುತ್ತೇವೆ. ಅಳತೆಯಲ್ಲಿ ಹೇಳಬೇಕಾದರೆ ಸುಮಾರು 780ರಿಂದ 2500 ನ್ಯಾನೋಮೀಟರ್. ನಿಮ್ಮ ಟಿವಿ ರಿಮೋಟಿನ ಮೂತಿಯಿಂದ ಬರುವುದೂ ಅದೇ ಜಾತಿಯ ಬೆಳಕು. ರಿಮೋಟನ್ನು ಮೊಬೈಲಿನ ಸೆಲ್ಫಿ ಕ್ಯಾಮೆರಾದ ಎದುರು ಹಿಡಿದು ಬಟನ್ ಒತ್ತಿ, ಹೆಚ್ಚಿನ ಫೋನುಗಳಲ್ಲಿ ನೇರಳೆ ಬಿಳುಪಿನ ಒಂದು ಚುಕ್ಕೆ ಮಿಣುಕುವುದು ಕಾಣುತ್ತದೆ.

ಇದನ್ನು ಮೊದಲು ಕಂಡದ್ದು ವಿಲಿಯಂ ಹರ್ಷೆಲ್, 1800ರಲ್ಲಿ. ಗಾಜಿನ ಪಟ್ಟಕದಲ್ಲಿ ಬಿಸಿಲನ್ನು ಬಣ್ಣಬಣ್ಣವಾಗಿ ಒಡೆದು ಒಂದೊಂದು ಬಣ್ಣದ ಕೆಳಗೂ ಥರ್ಮಾಮೀಟರ್ ಇಟ್ಟ. ಕೆಂಪು ಮುಗಿದು ಏನೂ ಕಾಣದ ಜಾಗದಲ್ಲೇ ಪಾದರಸ ಜಾಸ್ತಿ ಏರಿತು. ನೆಲಕ್ಕೆ ಬೀಳುವ ಬಿಸಿಲಿನ ಶಕ್ತಿಯಲ್ಲಿ ಹೆಚ್ಚುಕಮ್ಮಿ ಅರ್ಧ ಈ ಕಾಣದ ಬೆಳಕೇ. ಅಂಗಳದಲ್ಲಿ ನಲವತ್ತು ದಿನ ಅಡಿಕೆ ಒಣಗಿಸುವ ನಾವು ಇನ್ನೂರು ವರ್ಷದ ಹಿಂದೆಯೇ ಹರ್ಷೆಲನಿಗೆ ಇದನ್ನು ಹೇಳಬಹುದಿತ್ತೇನೋ, ಯಾರೂ ಕೇಳಲಿಲ್ಲ.

ಈಗ ಮುಖ್ಯ ವಿಷಯ. ನೀರು, ಕೊಬ್ಬು, ಪ್ರೋಟೀನ್, ಸಕ್ಕರೆ ಎಲ್ಲದರ ಒಳಗೂ ಪರಮಾಣುಗಳು ಸುಮ್ನೆ ಕೂತಿರುವುದಿಲ್ಲ, ತಂತಿಯ ಹಾಗೆ ಕಂಪಿಸುತ್ತಿರುತ್ತವೆ. ತಂಬೂರಿ ಮೀಟಿದರೆ ಮೂಲ ಸ್ವರದ ಮೇಲೆ ಇನ್ನೂ ಸಣ್ಣ ಸಣ್ಣ ಸ್ವರಗಳು ಕೇಳುತ್ತವಲ್ಲ, ಹಾಗೆ ಈ ಕಂಪನಗಳಿಗೂ ಮೇಲಿನ ಸ್ವರಗಳಿವೆ. ಎನ್‌ಐಆರ್ ಬೆಳಕನ್ನು ನುಂಗುವುದು ಆ ಮೇಲಿನ ಸ್ವರಗಳು. ನೀರು 1450 ಮತ್ತು 1940 ನ್ಯಾನೋಮೀಟರ್ ಹತ್ತಿರ ಗಬಕ್ಕನೆ ನುಂಗುತ್ತದೆ, 970ರ ಹತ್ತಿರ ಸ್ವಲ್ಪ. ಕೊಬ್ಬಿಗೆ, ಪ್ರೋಟೀನಿಗೆ ಅವುಗಳದ್ದೇ ಜಾಗಗಳಿವೆ. ವಸ್ತುವಿನ ಮೇಲೆ ಬೆಳಕು ಬಿಟ್ಟು, ಯಾವ ಜಾಗದಲ್ಲಿ ಎಷ್ಟು ಕಡಿಮೆಯಾಗಿ ವಾಪಸ್ ಬಂತು ಅಂತ ನೋಡಿದರೆ ಒಳಗೆ ಏನು ಎಷ್ಟಿದೆ ಎಂದು ಲೆಕ್ಕ ಹಾಕಬಹುದು.

ಆದರೆ ಈ ಸ್ವರಗಳು ಒಂದೊಂದಾಗಿ ಕೇಳುವುದಿಲ್ಲ. ಎಲ್ಲಾ ಒಂದರ ಮೇಲೊಂದು ಬಿದ್ದಿರುತ್ತವೆ. ಸಂಜೆ ಐದಕ್ಕೆ ಕಾಸರಗೋಡು ಬಸ್ ಸ್ಟ್ಯಾಂಡಿನಲ್ಲಿ ನಿಂತು ಕಣ್ಣು ಮುಚ್ಚಿ. ಮಲಯಾಳ, ತುಳು, ಕನ್ನಡ, ಬ್ಯಾರಿ, ಕೊಂಕಣಿ, ಮರಾಠಿ, ಉರ್ದು ಎಲ್ಲಾ ಒಟ್ಟಿಗೆ. ಹೊರಗಿನವನಿಗೆ ಅದು ಬರೀ ಗಲಾಟೆ. ಇಲ್ಲೇ ಹುಟ್ಟಿದವನಿಗೆ ಯಾರು ತುಳು, ಯಾರು ಬ್ಯಾರಿ ಅಂತ ಥಟ್ಟನೆ ಗೊತ್ತಾಗುತ್ತದೆ. ವ್ಯಾಕರಣ ಕಲಿತದ್ದರಿಂದ ಬಂದ ಕಿವಿ ಅಲ್ಲ ಅದು, ಸಾವಿರ ಸಲ ಕೇಳಿ ಕೇಳಿ ಬಂದದ್ದು. ಎನ್‌ಐಆರ್ ಯಂತ್ರಕ್ಕೆ ಆ ಕಿವಿಯನ್ನು ಕೊಡುವ ಕೆಲಸಕ್ಕೆ ಕ್ಯಾಲಿಬ್ರೇಷನ್ ಅನ್ನುತ್ತಾರೆ. ನೂರಾರು ಸ್ಯಾಂಪಲ್ ತಗೊಂಡು, ಪ್ರತಿಯೊಂದರ ಪಸೆಯನ್ನೋ ಕೊಬ್ಬನ್ನೋ ಹಳೆಯ ಕಷ್ಟದ ವಿಧಾನದಲ್ಲಿ ಅಳೆದು, ಅದೇ ಸ್ಯಾಂಪಲಿಗೆ ಬೆಳಕು ಬಿಟ್ಟು, 'ನೋಡು, ಬೆಳಕು ಹೀಗೆ ವಾಪಸ್ ಬಂದರೆ ಉತ್ತರ ಇಷ್ಟು' ಅಂತ ಕಂಪ್ಯೂಟರಿಗೆ ಕಲಿಸಬೇಕು. ಯಂತ್ರ ತಾನಾಗಿ ಏನನ್ನೂ ಅಳೆಯುವುದಿಲ್ಲ ಮಾರಾಯ್ರೇ, ಕಲಿಸಿದ್ದನ್ನು ಒಪ್ಪಿಸುತ್ತದೆ.

ಈ ದಾರಿ ತೆರೆದವರು ಅಮೆರಿಕದ ಕೃಷಿ ಇಲಾಖೆಯ ಇಂಜಿನಿಯರ್ ಕಾರ್ಲ್ ನಾರಿಸ್, ಬೆಲ್ಟ್ಸ್‌ವಿಲ್ ಎಂಬಲ್ಲಿ. ಮೊಟ್ಟೆ ಒಡೆಯದೆ ಒಳಗೆ ನೋಡುವುದರಿಂದ ಶುರು ಮಾಡಿ, 1960ರ ದಶಕದಲ್ಲಿ ಧಾನ್ಯದ ತೇವಾಂಶಕ್ಕೆ ಬಂದರು. ಅಲ್ಲಿಯವರೆಗೆ ಗೋಧಿಯ ಪ್ರೋಟೀನ್ ನೋಡಬೇಕಾದರೆ 1883ರ ಜೆಲ್ಡಾಲ್ ವಿಧಾನವೇ ಗತಿ. ಸಲ್ಫ್ಯೂರಿಕ್ ಆಸಿಡ್ಡಿನಲ್ಲಿ ಗಂಟೆಗಟ್ಟಲೆ ಕುದಿಸುವುದು, ಹೊಗೆ, ಕೆಮ್ಮು. ಕೆನಡಾದ ಧಾನ್ಯ ಆಯೋಗ 1975ರಲ್ಲಿ ಗೋಧಿಯ ಪ್ರೋಟೀನ್ ನೋಡಲು ಈ ಬೆಳಕಿಗೆ ಬದಲಾಯಿಸಿತು. ಇವತ್ತು ಪಶು ಆಹಾರದ ಫ್ಯಾಕ್ಟರಿ, ಹಿಟ್ಟಿನ ಮಿಲ್ಲು, ಮಾತ್ರೆ ತಯಾರಿಸುವ ಕಂಪೆನಿ ಎಲ್ಲಾ ಕಡೆ ಇದೆ. ಜಪಾನಿನಲ್ಲಿ 1980ರ ದಶಕದ ಕೊನೆಯಿಂದಲೇ ಪೀಚ್ ಹಣ್ಣನ್ನು ಕತ್ತರಿಸದೆ, ಕಚ್ಚದೆ, ಬೆಲ್ಟಿನ ಮೇಲೆ ಓಡಿಸುತ್ತಾ ಸಿಹಿ ನೋಡಿ ಬೇರೆ ಮಾಡುತ್ತಿದ್ದಾರೆ.

ಕಲಿಸುವವ ತಪ್ಪಿದರೆ ಏನಾಗುತ್ತದೆ ಅಂತ ನನ್ನದೇ ಕಥೆ ಹೇಳುತ್ತೇನೆ, ನಾಚಿಕೆ ಆದರೂ ಪರವಾಗಿಲ್ಲ. ನಾನು ಹೊಸದಾಗಿ ಸೇರಿದ್ದ ಲ್ಯಾಬಿನಲ್ಲಿ ಒಳ್ಳೆಮೆಣಸಿನ ಪಸೆಗೆ ಯಂತ್ರ ತಯಾರು ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಮೆಣಸು ಪುಡಿ ಮಾಡುವುದು, ಗುಂಡಗಿನ ಕಪ್ಪಿಗೆ ತುಂಬುವುದು, ಮೇಲಿಂದ ಒಂದೇ ಸಮ ಒತ್ತುವುದು (ಸಡಿಲ ತುಂಬಿದರೆ ಒಂದು ಲೆಕ್ಕ, ಗಟ್ಟಿ ತುಂಬಿದರೆ ಇನ್ನೊಂದು), ಮುಚ್ಚಳ ಹಾಕಿ ಅರ್ಧ ನಿಮಿಷ ಕಾಯುವುದು. ಅದೇ ಪುಡಿಯನ್ನು ಓವನ್ನಿನಲ್ಲಿ 105 ಡಿಗ್ರಿಯಲ್ಲಿ ಒಣಗಿಸಿ, ಎಷ್ಟು ತೂಕ ಇಳಿಯಿತೋ ಅದೇ ನೀರು ಅಂತ ಬರೆದುಕೊಳ್ಳುವುದು. ಇನ್ನೂರು ಸ್ಯಾಂಪಲ್ ಆಯಿತು. ಯಂತ್ರವೂ ಓವನ್ನೂ ಒಂದೇ ಉತ್ತರ ಹೇಳುತ್ತಿದ್ದವು, ನನಗೆ ಜಂಬವೋ ಜಂಬ. ಆಮೇಲೆ ಒಬ್ಬ ಮೆಣಸಿನ ವ್ಯಾಪಾರಿ ಬಂದು, ನಿಮ್ಮ ರಿಪೋರ್ಟಿನಲ್ಲಿ ಯಾವಾಗಲೂ ಪಸೆ ಜಾಸ್ತಿ ಬರುತ್ತದಲ್ಲ, ಕ್ವಿಂಟಾಲಿಗೆ ಒಂದು ಪರ್ಸೆಂಟ್ ಅಂದರೆ ಒಂದು ಕೆಜಿ ಮೆಣಸು, ಯಾರ ಗಂಟು ಅದು ಅಂತ ಜಗಳ ತೆಗೆದರು.

ಜಗಳದಲ್ಲಿ ಅವರದ್ದೇ ಸರಿ ಇತ್ತು. ಮೆಣಸಿನ ಘಮ ಇರುವುದು ಅದರ ಎಣ್ಣೆಯಲ್ಲಿ. ಓವನ್ನಿನಲ್ಲಿ ನೀರಿನ ಜೊತೆ ಆ ಎಣ್ಣೆಯೂ ಹಾರಿ ಹೋಗಿ, ನಾವು ಅದನ್ನೂ ನೀರಿನ ಲೆಕ್ಕಕ್ಕೆ ಸೇರಿಸಿದ್ದೆವು. ಅದಕ್ಕೇ ಸಾಂಬಾರ ಪದಾರ್ಥಗಳ ಪಸೆಯನ್ನು ಟಾಲ್ವೀನ್ ಅನ್ನುವ ದ್ರಾವಕ ಹಾಕಿ ಕುದಿಸಿ, ನೀರನ್ನು ಮಾತ್ರ ಬೇರೆಯಾಗಿ ಗಾಜಿನ ಕೊಳವೆಯಲ್ಲಿ ಹಿಡಿದು ಅಳೆಯಬೇಕು. ಪುಸ್ತಕದಲ್ಲಿ ಇತ್ತು, ನಾನು ಸೋಮಾರಿತನ ಮಾಡಿದ್ದೆ. ಯಂತ್ರ ಮಾತ್ರ ಆರು ತಿಂಗಳು ನನ್ನ ತಪ್ಪನ್ನೇ ಎರಡು ದಶಮಾಂಶ ಸ್ಥಾನದವರೆಗೆ ಧೈರ್ಯವಾಗಿ ಹೇಳುತ್ತಿತ್ತು.

ಹಾಗಾಗಿ ನಿಮ್ಮ ಮನೆಗೆ ಬಂದವರಿಗೆ ಮೊದಲ ಪ್ರಶ್ನೆ ಇದು: ಈ ಯಂತ್ರಕ್ಕೆ ಯಾರು, ಯಾವ ಊರಿನ ಮೆಣಸಿನಲ್ಲಿ, ಎಷ್ಟು ಸ್ಯಾಂಪಲಿನಲ್ಲಿ ಕಲಿಸಿದ್ದು? ಗೋಧಿಯಲ್ಲಿ ಕಲಿತದ್ದಕ್ಕೆ ಅಡಿಕೆ ಗೊತ್ತಿರುವುದಿಲ್ಲ. 'ಆಪ್‌ನಲ್ಲಿ ಎಲ್ಲಾ ಇದೆ' ಅನ್ನುವುದು ಉತ್ತರವಲ್ಲ.

ಅಡಿಕೆಯಲ್ಲಿ ಇನ್ನೊಂದು ತೊಡಕು. ಈ ಬೆಳಕು ಗಟ್ಟಿ ವಸ್ತುವಿನ ಒಳಗೆ ಹೋಗುವುದು ಕೆಲವೇ ಮಿಲಿಮೀಟರ್. ಸಿಪ್ಪೆ ಸಮೇತ ಗೋಟಿನ ಮೇಲಿಟ್ಟರೆ ಅದು ಹೇಳುವುದು ಸಿಪ್ಪೆಯ ಕಥೆ. ಸುಲಿದ ಚಾಲಿಯ ಮೇಲಿಟ್ಟರೂ ಹೊರಮೈ ಒಣಗಿ ನಡುವೆ ಪಸೆ ಉಳಿದಿರುವುದು ಗೊತ್ತಾಗುವುದಿಲ್ಲ, ಮಳೆಗಾಲದಲ್ಲಿ ಬೂಸ್ಟು ಬರುವುದು ಅಂಥ ಅಡಿಕೆಗೇ ಅಲ್ವಾ. ಕತ್ತರಿಯಲ್ಲಿ ಎರಡು ಹೋಳು ಮಾಡಿ ಕತ್ತರಿಸಿದ ಮುಖಕ್ಕೆ ಇಡಬೇಕು, ಇಲ್ಲವೇ ಪುಡಿ ಮಾಡಬೇಕು. ಅಡಿಕೆ ಹೋಳು ಮಾಡುವುದೇ ಆದರೆ ನಿಮ್ಮ ಅಪ್ಪನ ಕಣ್ಣು ಸಾಕಾಗುತ್ತದೆ, 18 ಸಾವಿರ ಯಾಕೆ?

ಇನ್ನು ಬೆಂಕಿಪೊಟ್ಟಣದ ಗಾತ್ರದ್ದು ಇಷ್ಟು ಕಡಿಮೆಗೆ ಹೇಗೆ ಸಿಗುತ್ತದೆ ಅಂತ. ಮೊಬೈಲ್ ಕ್ಯಾಮೆರಾದಲ್ಲಿರುವಂಥ ಸಿಲಿಕಾನ್ ಸೆನ್ಸರ್ ಕಡಿಮೆ ಬೆಲೆಯದ್ದು, ಆದರೆ ಅದಕ್ಕೆ 1100 ನ್ಯಾನೋಮೀಟರಿನ ಆಚೆ ಕಣ್ಣು ಕುರುಡು. ನೀರಿನ 1450, 1940ರ ದೊಡ್ಡ ಗುರುತುಗಳು ಅದಕ್ಕೆ ಕಾಣುವುದೇ ಇಲ್ಲ. 970ರ ಸಣ್ಣ ಗುರುತನ್ನು ನೋಡಿಯೇ ಊಹಿಸಬೇಕು. ಆಚೆ ನೋಡುವ ಸೆನ್ಸರಿಗೆ ಬೇರೆ ಲೋಹಗಳು ಬೇಕು, ಬೆಲೆ ಎಷ್ಟೋ ಪಟ್ಟು. 2014ರಲ್ಲಿ ಇಸ್ರೇಲಿನ ಒಂದು ಕಂಪೆನಿ ಸ್ಕಿಯೋ ಅನ್ನುವ ಕಿಸೆ ಯಂತ್ರಕ್ಕೆ ಜನರಿಂದಲೇ ಇಪ್ಪತ್ತು ಲಕ್ಷ ಡಾಲರಿಗಿಂತ ಜಾಸ್ತಿ ಹಣ ಎತ್ತಿತ್ತು. ಅದು ನೋಡುವುದೂ ಹೆಚ್ಚುಕಮ್ಮಿ 740ರಿಂದ 1070ರವರೆಗೆ ಮಾತ್ರ. ಇಂಥವು ಕೆಲಸಕ್ಕೇ ಬಾರದವು ಅಂತಲ್ಲ. ಸಣ್ಣ ಗುರುತಿನ ಬೆಳಕು ಸ್ವಲ್ಪ ಆಳಕ್ಕೆ ಹೋಗುತ್ತದೆ, ಹಾಗಾಗಿ ಹಣ್ಣಿನ ಸಿಹಿಗೆ, ತೇವಕ್ಕೆ ಒಂದು ಅಂದಾಜು ಕೊಡುತ್ತವೆ. ಅಂದಾಜು ಅನ್ನುವ ಶಬ್ದ ಗಮನಿಸಿ.

ಹಾಲು ಬೇಗ ಮುಗಿಸುತ್ತೇನೆ. ಎನ್‌ಐಆರಿನಲ್ಲಿ ಹಾಲಿನ ಫ್ಯಾಟ್ ನೋಡಬಹುದು, ದೊಡ್ಡ ಡೈರಿಗಳಲ್ಲಿ ನೋಡುತ್ತಾರೆ. ಹಸಿ ಹಾಲಿನಲ್ಲಿ ಕೊಬ್ಬು ಸಣ್ಣ ದೊಡ್ಡ ಗುಂಡುಗಳಾಗಿ ತೇಲುತ್ತಿರುತ್ತದೆ, ಬೆಳಕು ಅವಕ್ಕೆ ಬಡಿದು ಅಡ್ಡಾದಿಡ್ಡಿ ಚದುರುತ್ತದೆ. ಕೆನೆ ಮೇಲೆ ಬಂದ ಹಾಲು, ಹಟ್ಟಿಯಿಂದ ಈಗಷ್ಟೇ ತಂದ ಬಿಸಿ ಹಾಲು, ಫ್ರಿಜ್ಜಿನ ಹಾಲು ಮೂರಕ್ಕೂ ಮೂರು ಉತ್ತರ ಬಂದರೆ ಆಶ್ಚರ್ಯ ಇಲ್ಲ. ನಮ್ಮ ಕಡೆಯ ಸೊಸೈಟಿಗಳಲ್ಲಿ ನೀವು ನೋಡುವ ಯಂತ್ರ ಹೆಚ್ಚಾಗಿ ಬೆಳಕಿನದ್ದಲ್ಲ, ಶಬ್ದದಲೆಯದ್ದು. ಸೊಸೈಟಿಯ ಫ್ಯಾಟ್ ಲೆಕ್ಕದ ಮೇಲೆ ಸಂಶಯ ಬಂದರೆ ಆಸಿಡ್ ಹಾಕಿ ತಿರುಗಿಸುವ ಹಳೆಯ ಗರ್ಬರ್ ಟೆಸ್ಟ್ ಮಾಡಿಸಿ ಅಂತ ಕೇಳಿ. ಕಿಸೆ ಯಂತ್ರ ತೋರಿಸಿ ವಾದ ಮಾಡಿದರೆ ಯಾರೂ ಒಪ್ಪುವುದಿಲ್ಲ.

ಮದ್ದಿನ ಅಂಶ. ಇದನ್ನು ಕೇಳಿದಾಗ ನನಗೆ ಸಿಟ್ಟೇ ಬಂತು. ಸುಮಾರು ಎರಡು ದಶಕ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಅನ್ನುವ ಕೀಟದ ಮದ್ದು ಸುರಿಸಿಕೊಂಡ ಊರುಗಳಿಗೆ ಬಂದು, ಅದರಿಂದ ನರಳಿದ ಎಣ್ಮಕಜೆಯ ಮಕ್ಕಳನ್ನು ನೋಡಿದ ಜನರ ಎದುರು, 'ಇದರಲ್ಲಿ ವಿಷ ಗೊತ್ತಾಗುತ್ತದೆ' ಅಂತ ಮಾರುವುದೆಂದರೆ ಏನು ಹೇಳುವುದು. ಲೆಕ್ಕ ನೋಡಿ. ಎನ್‌ಐಆರಿಗೆ ಒಂದು ವಸ್ತು ಕಾಣಬೇಕಾದರೆ ಸಾಮಾನ್ಯವಾಗಿ ಅದು ಕೆಜಿಗೆ ಒಂದು ಗ್ರಾಮಿನಷ್ಟಾದರೂ ಇರಬೇಕು. ತರಕಾರಿಯಲ್ಲಿ ಉಳಿಯುವ ಮದ್ದನ್ನು ಅಳೆಯುವುದು ಕೆಜಿಗೆ ಮಿಲಿಗ್ರಾಂ ಲೆಕ್ಕದಲ್ಲಿ, ಎಷ್ಟೋ ಸಲ ಅದಕ್ಕೂ ಸಾವಿರ ಪಾಲು ಕಡಿಮೆ ಮೈಕ್ರೋಗ್ರಾಂ ಲೆಕ್ಕದಲ್ಲಿ. ಅದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್‌ನಂಥ ದೊಡ್ಡ ಯಂತ್ರ ಬೇಕು, ಲ್ಯಾಬಿಗೇ ಕಳಿಸಬೇಕು. ಬೂಸ್ಟಿನ ವಿಷ ಅಫ್ಲಾಟಾಕ್ಸಿನ್ನಿಗೂ ಇದೇ ಮಾತು. ಕಲಬೆರಕೆಯಲ್ಲಿ ಮಾತ್ರ ಎನ್‌ಐಆರ್ ಚುರುಕು, ಯಾಕೆಂದರೆ ಕಲಬೆರಕೆ ಮಾಡುವವ ಲಾಭಕ್ಕೆ ಮಾಡುವುದು, ಚಿಟಿಕೆ ಹಾಕಿ ಬಿಡುವುದಿಲ್ಲ. ಮೆಣಸಿಗೆ ಪಪ್ಪಾಯಿ ಬೀಜ ನೂರಕ್ಕೆ ಐದೋ ಹತ್ತೋ ಸೇರಿಸಿದ್ದರೆ ಚೆನ್ನಾಗಿ ಕಲಿತ ಯಂತ್ರ ಹಿಡಿಯುತ್ತದೆ. ತೆಂಗಿನೆಣ್ಣೆಗೆ ತಾಳೆ ಎಣ್ಣೆ ಬೆರೆಸಿದರೂ ಹಿಡಿಯುತ್ತದೆ. ತಾಳೆಯ ಬೀಜದ ಎಣ್ಣೆ ಬೆರೆಸಿದರೆ ಕಷ್ಟ, ಏಕೆಂದರೆ ಅದರಲ್ಲೂ ತೆಂಗಿನೆಣ್ಣೆಯ ಹಾಗೆ ಹೆಚ್ಚುಕಮ್ಮಿ ಅರ್ಧ ಲಾರಿಕ್ ಆಸಿಡ್ ಅನ್ನುವ ಕೊಬ್ಬಿನ ಅಂಶವೇ.

ಈಗ ಅಮ್ಮನ ಬೆರಳಿಗೆ ಬರೋಣ.

ಬೆರಳಿಗೆ ಬೆಳಕು ಬಿಟ್ಟು ನೋಡುವ ಒಂದು ಯಂತ್ರ ನಿಮ್ಮ ಮನೆಯಲ್ಲೇ ಇರಬಹುದು, ಕೊರೊನಾ ಸಮಯದಲ್ಲಿ ತಂದ ಆಕ್ಸಿಮೀಟರ್. 2020ರ ಮಾರ್ಚಿನಲ್ಲಿ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗೆ ಹೋಗಲಾಗದೆ ಕೂತ ದಿನಗಳು ಮರೆತಿಲ್ಲ ಅಲ್ವಾ, ಆ ವರ್ಷ ನಮ್ಮ ಕಡೆ ಗಡಿಯಾರದ ಹಾಗೆ ಅದನ್ನು ನೋಡುತ್ತಿದ್ದರು. ಅದರೊಳಗೆ ಎರಡು ದೀಪ: 660 ನ್ಯಾನೋಮೀಟರಿನ ಕೆಂಪು, 940ರ ಕಾಣದ್ದು. ಆಕ್ಸಿಜನ್ ಹೊತ್ತ ರಕ್ತ ಕೆಂಪನ್ನು ಕಡಿಮೆ ನುಂಗುತ್ತದೆ, ಆಕ್ಸಿಜನ್ ಬಿಟ್ಟ ರಕ್ತ ಜಾಸ್ತಿ ನುಂಗುತ್ತದೆ. 940ರಲ್ಲಿ ಉಲ್ಟಾ. ಎರಡರ ಹೋಲಿಕೆಯಿಂದ 97, 94 ಅಂತ ಬರುತ್ತದೆ.

ಇದನ್ನು ಕಂಡುಹಿಡಿದ ಜಪಾನಿನ ತಕುವೊ ಅವೊಯಾಗಿ 1970ರ ದಶಕದ ಆರಂಭದಲ್ಲಿ ಮಾಡಲು ಹೊರಟದ್ದು ಬೇರೆಯೇ. ಕಿವಿಗೆ ಬೆಳಕು ಬಿಟ್ಟು ಹೃದಯ ಎಷ್ಟು ರಕ್ತ ನೂಕುತ್ತದೆ ಅಂತ ನೋಡುತ್ತಿದ್ದರು, ನಾಡಿಬಡಿತ ನಡುವೆ ಬಂದು ಗೆರೆಯನ್ನು ಅಲುಗಾಡಿಸುತ್ತಿತ್ತು. ಆ ಕಾಟವನ್ನು ತೆಗೆಯಲು ಹೋಗಿ, ಕಾಟವೇ ಬೇಕಾದದ್ದು ಅಂತ ಹೊಳೆಯಿತು. ಬಡಿಯುವ ಭಾಗ ಅಪಧಮನಿಯ ರಕ್ತ ಮಾತ್ರ. ಚರ್ಮ, ಮೂಳೆ, ಉಗುರು ಬಡಿಯುವುದಿಲ್ಲ. ಬಡಿಯುವುದನ್ನಷ್ಟೇ ಲೆಕ್ಕಕ್ಕೆ ತಗೊಂಡರೆ ಉಳಿದದ್ದೆಲ್ಲ ತಾನಾಗಿ ಕಳೆದುಹೋಗುತ್ತದೆ. ಅವೊಯಾಗಿ ತೀರಿಕೊಂಡದ್ದು 2020ರ ಏಪ್ರಿಲಿನಲ್ಲಿ, ಜಗತ್ತೆಲ್ಲ ಅವರ ಯಂತ್ರಕ್ಕೆ ಬೆರಳು ಕೊಟ್ಟು ಕೂತಿದ್ದಾಗ.

ಇಷ್ಟು ಒಳ್ಳೆ ಯಂತ್ರವೂ ಕಲಿತದ್ದನ್ನೇ ಹೇಳುವುದು. ಆರೋಗ್ಯವಂತರಿಗೆ ಕಡಿಮೆ ಆಕ್ಸಿಜನ್ ಗಾಳಿ ಉಸಿರಾಡಿಸಿ, ರಕ್ತ ತೆಗೆದು ಅಳೆದು, ಅದಕ್ಕೆ ಕಲಿಸಿದ್ದು. ಆಗ ಹೆಚ್ಚಿನವರು ಬಿಳಿ ಚರ್ಮದವರಿದ್ದರೆ? 2020ರ ಡಿಸೆಂಬರಿನಲ್ಲಿ ಅಮೆರಿಕದಿಂದ ಬಂದ ಒಂದು ವರದಿಯಲ್ಲಿ, ಆಕ್ಸಿಮೀಟರ್ ಚೆನ್ನಾಗಿದೆ ಅಂದಾಗಲೂ ರಕ್ತದಲ್ಲಿ ಆಕ್ಸಿಜನ್ ಕಡಿಮೆ ಇದ್ದದ್ದು ಕಪ್ಪು ಚರ್ಮದ ರೋಗಿಗಳಲ್ಲಿ 11.7 ಶೇಕಡಾ, ಬಿಳಿಯರಲ್ಲಿ 3.6. ನಮ್ಮ ಮೈಬಣ್ಣದವರೂ ನೆನಪಿಡಬೇಕಾದ ಮಾತು. ನೇಲ್ ಪಾಲಿಶ್, ಗಾಢ ಮದರಂಗಿ, ತಣ್ಣಗಾದ ಬೆರಳು ಇದ್ದರೂ ಲೆಕ್ಕ ತಪ್ಪಬಹುದು.

ಆಸ್ಪತ್ರೆಯಲ್ಲಿ ಇದರ ದೊಡ್ಡಣ್ಣ ಇದೆ. ಹಣೆಗೆ ಪಟ್ಟಿ ಅಂಟಿಸಿ ಮಿದುಳಿನ ರಕ್ತದಲ್ಲಿ ಆಕ್ಸಿಜನ್ ಎಷ್ಟು ಅಂತ ನೋಡುವುದು. 1977ರಲ್ಲಿ ಫ್ರಾನ್ಸ್ ಯೋಬ್ಸಿಸ್ ಎಂಬ ವಿಜ್ಞಾನಿ ಈ ಬೆಳಕು ತಲೆಬುರುಡೆ ದಾಟಿ ಹೋಗುತ್ತದೆ ಅಂತ ತೋರಿಸಿದ ಮೇಲೆ ಬಂದದ್ದು. ಹೃದಯದ ಆಪರೇಷನ್ ಮಾಡುವಾಗ ಬಳಸುತ್ತಾರೆ. ಶುರುವಲ್ಲಿ ಇದ್ದದ್ದಕ್ಕಿಂತ ಇಪ್ಪತ್ತು ಶೇಕಡಾದಷ್ಟು ಇಳಿದರೆ ಡಾಕ್ಟರು ಎಚ್ಚರ ಆಗುತ್ತಾರೆ. ಅಂದರೆ ಅಲ್ಲಿ ಒಂದೇ ನಂಬರ್ ನೋಡುವುದಲ್ಲ, ಏರಿತಾ ಇಳಿಯಿತಾ ಅಂತ ನೋಡುವುದು. ಅಷ್ಟಿದ್ದೂ ತೀರಾ ಅವಧಿಗೆ ಮುಂಚೆ ಹುಟ್ಟಿದ 1601 ಶಿಶುಗಳಲ್ಲಿ ನಡೆಸಿ 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇದನ್ನು ನೋಡಿಕೊಂಡು ಚಿಕಿತ್ಸೆ ಕೊಟ್ಟದ್ದರಿಂದ ಸಾವಾಗಲಿ ಮಿದುಳಿನ ಗಂಭೀರ ಹಾನಿಯಾಗಲಿ ಕಡಿಮೆಯಾಗಲಿಲ್ಲ. ಸರಿಯಾಗಿ ಅಳೆದರೂ ಪ್ರಯೋಜನ ಆಗಿಯೇ ಆಗುತ್ತದೆ ಅನ್ನುವಂತಿಲ್ಲ. ಇದಕ್ಕಿಂತ ಸರಳವಾದದ್ದು ನರ ತೋರಿಸುವ ದೀಪ. ಸೂಜಿ ಹಾಕಲು ರಕ್ತನಾಳ ಸಿಗದ ಮಕ್ಕಳ, ಮುದುಕರ ಕೈಮೇಲೆ ಬೆಳಕು ಬಿಟ್ಟರೆ ನಾಳಗಳು ಕಪ್ಪು ಗೆರೆಯಾಗಿ ಕಾಣುತ್ತವೆ. ಅದು ನನಗೆ ಇಷ್ಟ, ನಂಬರ್ ಹೇಳುವ ರಗಳೆಯೇ ಇಲ್ಲ.

ಇವೆಲ್ಲ ಆಗುವುದು ಹಿಮೋಗ್ಲೋಬಿನ್ನಿನಿಂದ. ಒಂದು ಲೀಟರ್ ರಕ್ತದಲ್ಲಿ ಅದು 120ರಿಂದ 150 ಗ್ರಾಂ ಇರುತ್ತದೆ, ಗಾಢ ಬಣ್ಣ ಬೇರೆ. ಶುಗರ್ ಎಷ್ಟಿರುತ್ತದೆ? ರಿಪೋರ್ಟಿನಲ್ಲಿ 100 ಅಂತ ಬಂದರೆ ಅದು 100 ಮಿಲಿಲೀಟರಿಗೆ 100 ಮಿಲಿಗ್ರಾಂ, ಅಂದರೆ ಲೀಟರಿಗೆ ಒಂದೇ ಗ್ರಾಂ. ಮೇಲೆ ಹೇಳಿದೆನಲ್ಲ, ಎನ್‌ಐಆರಿಗೆ ಕಾಣುವ ಕೊನೆಯ ಮೆಟ್ಟಿಲು ಅದು. ಅದೂ ಪುಡಿ ಮಾಡಿ ಕಪ್ಪಿಗೆ ಒತ್ತಿ ತುಂಬಿದ ಮೆಣಸಿನಲ್ಲಿ. ಅಮ್ಮನಿಗೆ ಬೇಕಾದದ್ದು 65 ಇದೆಯೋ 100 ಇದೆಯೋ ಅನ್ನುವ ವ್ಯತ್ಯಾಸ, ಲೀಟರಿನಲ್ಲಿ ಮೂರನೇ ಒಂದು ಗ್ರಾಮಿನಷ್ಟು. ಅದನ್ನು ನೀರೇ ತುಂಬಿದ, ಬಿಸಿ ತಣ್ಣಗೆ ಆಗುವ, ಒತ್ತಿದರೆ ರಕ್ತ ಸರಿಯುವ, ಬೆವರುವ ಬೆರಳಿನಲ್ಲಿ ಹುಡುಕಬೇಕು. ಶುಗರಿಗೆ ಬಣ್ಣವೂ ಇಲ್ಲ, ಅದರ ಗುರುತುಗಳು ನೀರಿನ, ಪ್ರೋಟೀನಿನ ಗುರುತುಗಳ ಅಡಿಯಲ್ಲಿ ಹೂತುಹೋಗಿವೆ. ಬೆರಳಿನ ಉಷ್ಣತೆ ಸ್ವಲ್ಪ ಬದಲಾದರೆ ನೀರಿನ ಗುರುತೇ ಜಾಗ ಬದಲಿಸಿ ಶುಗರನ್ನು ಪೂರ್ತಿ ಮುಚ್ಚಿಬಿಡುತ್ತದೆ. ಬಸ್ ಸ್ಟ್ಯಾಂಡಿನ ಗಲಾಟೆಯಲ್ಲಿ ಆಚೆ ಬದಿಯಲ್ಲಿ ಕೂತ ಒಬ್ಬ ಅಜ್ಜಿ ಪಿಸುಗುಟ್ಟಿದ್ದನ್ನು ಕೇಳಿದ ಹಾಗೆ.

1980ರ ದಶಕದಿಂದ ದೊಡ್ಡ ದೊಡ್ಡವರು ದುಡ್ಡು ಸುರಿದಿದ್ದಾರೆ. ಚುಚ್ಚದೆ ಶುಗರ್ ಹೇಳುತ್ತೇವೆ ಅನ್ನುವ ವಾಚು, ಉಂಗುರ ಯಾವುದಕ್ಕೂ ತಾನು ಒಪ್ಪಿಗೆ ಕೊಟ್ಟಿಲ್ಲ, ಬಳಸಬೇಡಿ ಅಂತ ಅಮೆರಿಕದ ಸರಕಾರಿ ಸಂಸ್ಥೆ ಎಫ್‌ಡಿಎ 2024ರ ಫೆಬ್ರವರಿಯಲ್ಲಿ ಎಚ್ಚರಿಕೆ ಕೊಟ್ಟಿತು. ಯಂತ್ರ 220 ಅಂದು, ನಿಜವಾಗಿ 80 ಇದ್ದು, ಅಮ್ಮ ಜಾಸ್ತಿ ಇನ್ಸುಲಿನ್ ತಗೊಂಡರೆ ಏನಾಗುತ್ತದೆ ಅಂತ ನಿಮಗೆ ಗೊತ್ತು.

ಬೆರಳು ನೋವಿಗೆ ಬೇರೆ ದಾರಿ ಇದೆ. ತುದಿಯ ನಡುವೆ ಚುಚ್ಚಬೇಡಿ, ಬದಿಯಲ್ಲಿ ಚುಚ್ಚಿ, ಅಲ್ಲಿ ನೋವು ಕಡಿಮೆ. ದಿನಾ ಬೆರಳು ಬದಲಿಸಿ. ಸೂಜಿಯನ್ನು ಮತ್ತೆ ಮತ್ತೆ ಬಳಸಬೇಡಿ, ಮೊಂಡಾಗಿರುತ್ತದೆ. ಮುಂಚೆ ಕೈಯನ್ನು ಉಗುರು ಬೆಚ್ಚಗಿನ ನೀರಲ್ಲಿ ತೊಳೆದು ಒರೆಸಿದರೆ ರಕ್ತ ಸುಲಭವಾಗಿ ಬರುತ್ತದೆ, ಕೈಗೆ ಅಂಟಿದ ಬೆಲ್ಲವೋ ಹಣ್ಣಿನ ರಸವೋ ಇದ್ದರೆ ಅದೂ ಹೋಗುತ್ತದೆ. ತೋಳಿಗೆ ಅಂಟಿಸುವ ಸೆನ್ಸರ್ ಸಿಗುತ್ತದೆ, ಅದರ ಕೂದಲಿನಂಥ ಎಳೆ ಚರ್ಮದ ಒಳಗೇ ಕೂತು ಅಳೆಯುತ್ತದೆ, ಬೆಳಕಿನ ಆಟ ಅಲ್ಲ. ದುಡ್ಡು ಬೀಳುತ್ತದೆ, ಆದರೂ ಡಾಕ್ಟರ ಹತ್ತಿರ ಒಮ್ಮೆ ಕೇಳಿ.

ಬಂದವರು ಈ ವಾರ ಮತ್ತೆ ಬರುತ್ತಾರೆ ಅಂದುಕೊಳ್ಳುತ್ತೇನೆ. ಕಾಫಿ ಕೊಡಿ. ಒಂದೇ ಬಟ್ಟಲಿನ ಮೆಣಸನ್ನು ಕಲಕಿ ಕಲಕಿ ಹತ್ತು ಸಲ ತೋರಿಸಲಿಕ್ಕೆ ಹೇಳಿ, ಹತ್ತು ಉತ್ತರವನ್ನೂ ಚೀಟಿಯಲ್ಲಿ ಬರೆಯಿರಿ, ಒಂದು ಪರ್ಸೆಂಟಿಗಿಂತ ಜಾಸ್ತಿ ಹಾರಾಡುತ್ತಿದ್ದರೆ ಪಸೆಯ ಮಾತನ್ನೂ ಬಿಡಿ. ಆಮೇಲೆ ಶುಗರಿನ ಜಾಗಕ್ಕೆ ಬೆರಳಿನ ಬದಲು ಒಂದು ಕದಳಿ ಬಾಳೆಹಣ್ಣನ್ನು ತೂರಿಸಿ. ಅದಕ್ಕೂ ಊಟಕ್ಕೆ ಮುಂಚೆ 112 ಅಂತ ತೋರಿಸಿದರೆ, ಆ ಸ್ಕ್ರೀನನ್ನು ಅವರ ಕಡೆಗೇ ತಿರುಗಿಸಿಬಿಡಿ.